ಕೀಪ್ಯಾಡ್ ಫೋನು ಮತ್ತು ಮೇಷ್ಟ್ರು ಕೇಳದ ಪ್ರಶ್ನೆ

ಮೇಷ್ಟ್ರ ವಿರುದ್ಧ ನಾನು ಗೆದ್ದದ್ದು ಒಂದೇ ಒಂದು ವಾದ. ಅದನ್ನು ಸೋತಿದ್ದರೆ ಅವರ ಫೋನು ಇವತ್ತಿಗೂ ಮಾತಾಡುತ್ತಿತ್ತು.

ಜಯನಗರದ ಹೈಸ್ಕೂಲೊಂದರಲ್ಲಿ ಅವರು ನಮಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಅದು ಟೈಂಟೇಬಲ್ಲಿನ ಮಾತು. ನಾವು ಅವರಿಂದ ನಿಜಕ್ಕೂ ಕಲಿತದ್ದು ಕ್ರಮವಾಗಿ ಜಗಳವಾಡುವುದನ್ನು. ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಲ್ಯಾಬಿನ ಪಕ್ಕದ ಕೋಣೆಯಲ್ಲಿ ಚೀಟಿ ಎತ್ತಿಸುತ್ತಿದ್ದರು. ಪರವೋ ವಿರೋಧವೋ ಎಂಬುದನ್ನು ಚೀಟಿ ತೀರ್ಮಾನಿಸುತ್ತಿತ್ತು. ನಮ್ಮ ಆತ್ಮಸಾಕ್ಷಿಯನ್ನು ಯಾರೂ ವಿಚಾರಿಸುತ್ತಿರಲಿಲ್ಲ. ಒಬ್ಬೊಬ್ಬರಿಗೆ ಮೂರು ನಿಮಿಷ. ಮೇಜಿನ ಮೇಲೊಂದು ಹಿತ್ತಾಳೆ ಗಂಟೆ. ಎದುರಿನವನು ಎಷ್ಟೇ ಪೆದ್ದುಪೆದ್ದಾಗಿ ಮಾತಾಡಲಿ, ಗಂಟೆ ಹೊಡೆಯುವ ತನಕ ಅವನನ್ನು ತಡೆಯುವಂತಿಲ್ಲ. ತಡೆದವರು ಮುಂದಿನ ಶನಿವಾರ ಬೆಂಚು ಒರೆಸಬೇಕು.

ನಾವು ಏನೇ ಪುರಾವೆ ತಂದರೂ ಅವರದು ಒಂದೇ ಪ್ರಶ್ನೆ: "ಹೇಗೆ ಗೊತ್ತು?" ಪೇಪರಿನಲ್ಲಿ ಬಂದಿದೆ ಸಾರ್ ಎಂದರೆ, "ಪೇಪರ್‌ನೋರಿಗೆ ಹೇಗೆ ಗೊತ್ತು?" ನಮ್ಮಜ್ಜಿ ಕಣ್ಣಾರೆ ನೋಡಿದ್ದಾರೆ ಎಂದರೆ, "ನೋಡಿದ್ದು ಅದನ್ನೇ ಅಂತ ನಿಮ್ಮಜ್ಜಿಗೆ ಹೇಗೆ ಗೊತ್ತು?" ಹತ್ತನೇ ಕ್ಲಾಸು ಮುಗಿಸುವ ಹೊತ್ತಿಗೆ ನಾವು ಹತ್ತಾರು ಮಂದಿ ಮನೆಯಲ್ಲಿ ಅಪ್ಪ ಅಮ್ಮಂದಿರಿಗೆ ತಡೆದುಕೊಳ್ಳಲಾಗದ ಪೀಡೆಗಳಾಗಿದ್ದೆವು. ಅವರ ಇನ್ನೊಂದು ಪಾಠವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ: "ನಿನ್ನ ವಾದದಲ್ಲಿ ತೂತಿದ್ರೆ ಅದನ್ನ ಹುಡುಕೋದು ಎದುರಾಳಿ ಕೆಲಸ. ನೀನೇ ಯಾಕೆ ಬೆರಳಿಟ್ಟು ತೋರಿಸ್ತೀಯ?"

ಈಗ ನಾನು ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಬೇರೆಯವರ ತಪ್ಪು ಹುಡುಕುವುದೇ ಉದ್ಯೋಗ. ಮೇಷ್ಟ್ರು ನಿವೃತ್ತರಾಗಿ ಯಡಿಯೂರಿನಲ್ಲಿ, ಕೆರೆಯಿಂದ ಎರಡು ರಸ್ತೆ ಈಚೆ, ಹೆಂಡತಿಯ ಜೊತೆ ಇದ್ದಾರೆ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತಿಂದಿತು. ಅಷ್ಟಕ್ಕೆ ತೃಪ್ತಿಯಾಗದೆ ಬೆರಳ ತುದಿಗಳ ಸ್ಪರ್ಶವನ್ನೂ ಅರ್ಧ ತಿಂದುಹಾಕಿತು. ಕಾಫಿ ಲೋಟ ಸುಡುತ್ತಿದೆಯೇ ಎಂದು ನೋಡಲು ಅವರು ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರೆ.

ಆದರೂ ಅವರು ಪಾಠ ನಿಲ್ಲಿಸಿರಲಿಲ್ಲ. ಫೋನಿನಲ್ಲಿ ನಮ್ಮದೊಂದು ಗ್ರೂಪ್ ಇತ್ತು. ಬೇರೆ ಬೇರೆ ವರ್ಷದ ಹಳೆಯ ವಿದ್ಯಾರ್ಥಿಗಳು, ಹದಿನಾಲ್ಕು ಜನ. ಪ್ರತಿ ಭಾನುವಾರ ಬೆಳಿಗ್ಗೆ ಮೇಷ್ಟ್ರು ತಮ್ಮ ದನಿಯಲ್ಲೇ ಒಂದು ವಿಷಯ ಕಳಿಸುತ್ತಿದ್ದರು. ಬಾಡಿಗೆಗೆ ಬಂದವರನ್ನು ವೆಜ್ಜಾ ನಾನ್‌ವೆಜ್ಜಾ ಎಂದು ಕೇಳುವ ಹಕ್ಕು ಮನೆ ಮಾಲೀಕರಿಗೆ ಇದೆಯೇ? ಸಾರಕ್ಕಿ ಸಿಗ್ನಲ್ಲಿನಲ್ಲಿ ಹಾರ್ನ್ ಹೊಡೆದು ಯಾರಾದರೂ ಏನಾದರೂ ಸಾಧಿಸಿದ್ದಾರೆಯೇ? ನಾವು ಮೂರು ಮೂರು ನಿಮಿಷ ಮಾತಾಡಿ ಕಳಿಸಬೇಕು. ಸಂಜೆ ಅವರ ತೀರ್ಪು ಬರುತ್ತಿತ್ತು. ಒಬ್ಬೊಬ್ಬರ ಮಾತನ್ನೂ ಅವರು ನಾಲ್ಕು ಸಲ ಕೇಳುತ್ತಿದ್ದರು. ಸುಮ್ಮನೆ ಹೇಳುತ್ತಿಲ್ಲ: "ಒಂದು ನಿಮಿಷ ಹತ್ತನೇ ಸೆಕೆಂಡಲ್ಲಿ 'ಎಲ್ಲರೂ' ಅಂದೆ. ಸರಿಯಾಗಿ ಎರಡು ನಿಮಿಷಕ್ಕೆ 'ಬಹುತೇಕರು' ಅಂದೆ. ಆ ಐವತ್ತು ಸೆಕೆಂಡಲ್ಲಿ ಯಾರ್ಯಾರು ಸತ್ರು?" ಎಂದು ಕೇಳಿದವರು ಅವರು.

ಇದೆಲ್ಲ ನಡೆಯುತ್ತಿದ್ದದ್ದು ಒಂದು ವಿಚಿತ್ರ ಫೋನಿನಿಂದ. ಮೇಲೆ ಸ್ಮಾರ್ಟ್‌ಫೋನಿನ ಪರದೆ, ಕೆಳಗೆ ಹಳೆಯ ಕಾಲದ ದಪ್ಪ ದಪ್ಪ ಗುಂಡಿಗಳು. ಐದರ ಗುಂಡಿಯ ಮೇಲೆ ಒಂದು ಉಬ್ಬು ಚುಕ್ಕೆ. ಐದು ಒತ್ತಿದರೆ ದನಿ ಶುರು, ಮತ್ತೆ ಒತ್ತಿದರೆ ನಿಲ್ಲುತ್ತದೆ, ನಾಲ್ಕು ಒತ್ತಿದರೆ ಹತ್ತು ಸೆಕೆಂಡು ಹಿಂದೆ. ಯಾವ ಗುಂಡಿ ಒತ್ತಿದರೂ ಒಳಗಿಂದ ಒಂದು ದನಿ ಈಗ ಎಲ್ಲಿದ್ದೀರಿ ಎಂದು ಹೇಳುತ್ತಿತ್ತು. ಅದನ್ನು ಮಾಡಿದ ಸಣ್ಣ ಕಂಪನಿ ಯಾವಾಗಲೋ ಬಾಗಿಲು ಹಾಕಿತ್ತು. ಮೇಷ್ಟ್ರಿಗೆ ಅದರಿಂದೇನೂ ಆಗಿರಲಿಲ್ಲ, ಮೆಸೇಜ್ ಆ್ಯಪ್‌ನಿಂದ ಒಂದು ನೋಟೀಸು ಬರುವ ತನಕ. ಈ ಫೋನು ಹಳೆಯದಾಯಿತು, ಇನ್ನು ಕೆಲವೇ ವಾರಗಳಲ್ಲಿ ಆ್ಯಪ್ ಇದರಲ್ಲಿ ನಡೆಯುವುದಿಲ್ಲ ಎಂದು ಅದು ಸಾರಿತು.

ಬೇರೆ ಫೋನು ಕೊಡಿಸಬಾರದಿತ್ತೇ ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಅವರ ತಂಗಿಯ ಮಗ ಒಂದು ಹೊಸ ಟಚ್ ಫೋನು ತಂದುಕೊಟ್ಟಿದ್ದ. ಜೋಮು ಹಿಡಿದ ಬೆರಳಿಗೆ ಗಾಜೆಲ್ಲ ಒಂದೇ. ಒಂದೇ ದಿನದಲ್ಲಿ ಅವರು ತಮಗಾಗದ ಹಳೆಯ ಹೆಡ್‌ಮಾಸ್ಟರಿಗೆ ನಾಲ್ಕು ಸಲ ಫೋನು ಮಾಡಿ, ನಾಲ್ಕನೆಯ ಸಲ ವಿಧಿಯಿಲ್ಲದೆ ರಾಜಿಯಾಗಿಬಿಟ್ಟರು. ಪ್ರತ್ಯೇಕ ಬ್ಲೂಟೂತ್ ಕೀಪ್ಯಾಡ್ ತಂದು ನೋಡಿದೆವು. ಅದರ ಜೋಡಣೆ ತಪ್ಪಿದಾಗಲೆಲ್ಲ ಮತ್ತೆ ಜೋಡಿಸಲು ಒಂದು ಜೊತೆ ಕಣ್ಣು ಬೇಕು. ಈಗ ಸಿಗುವ ಗುಂಡಿ ಫೋನುಗಳಲ್ಲಿ ಈ ಆ್ಯಪ್ ಇಲ್ಲ, ಇದ್ದರೆ ಮಾತಾಡುವ ದನಿ ಇಲ್ಲ.

ಆಗ ನಾನು ಬಾಯಿ ಹಾಕಿದೆ.

ಯಾರು ಬೇಕಾದರೂ ತೆರೆದು ಓದಿ, ತಿದ್ದಿ, ಬಳಸಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ ಒಂದಿದೆ. ಕಂಪನಿಗಳು ಕೈಬಿಟ್ಟ ಫೋನುಗಳಿಗೆ ಅದನ್ನು ಹಾಕಿ ಇನ್ನಷ್ಟು ವರ್ಷ ಬದುಕಿಸುವವರು ಜಗತ್ತಿನ ತುಂಬ ಇದ್ದಾರೆ. ಆದರೆ ಅವರ ಪಟ್ಟಿಯಲ್ಲಿ ಮೇಷ್ಟ್ರ ಫೋನು ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಫೋನಿಗೆ ನಾವೇ ಅದನ್ನು ಹೊಂದಿಸಬೇಕು. ಅದಕ್ಕೆ ಪೋರ್ಟ್ ಮಾಡುವುದು ಎನ್ನುತ್ತಾರೆ. ಒಬ್ಬರ ಮೈಗೆ ಹೊಲಿದ ಅಂಗಿಯನ್ನು ಬಿಚ್ಚಿ, ಅಳತೆ ಪಟ್ಟಿಯಿಲ್ಲದೆ, ಇನ್ನೊಬ್ಬರ ಮೈಗೆ ಕೂರಿಸಿದ ಹಾಗೆ. ಕೈ ಎಲ್ಲಿದೆ, ಕುತ್ತಿಗೆ ಎಲ್ಲಿದೆ ಎಂದು ತಡಕಾಡಿ ತಿಳಿಯಬೇಕು.

ಒಂದು ಶನಿವಾರ ಫೋನನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದು, ಆಫೀಸಿಗೆ ಒಯ್ದು, ಅದರೊಳಗಿದ್ದ ಹಳೆಯ ವ್ಯವಸ್ಥೆಯನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡೆ. ನಮ್ಮ ಫೋರಂನಲ್ಲಿ, ಅಂದರೆ ಈ ಹುಚ್ಚಿನವರೆಲ್ಲ ಸೇರುವ ಜಾಲತಾಣದಲ್ಲಿ, ಮೊದಲ ಪುಟದಲ್ಲೇ ಬರೆದಿದೆ: ಎರಡು ಸಲ ನಕಲು ಮಾಡಿ, ಎರಡನ್ನೂ ಹೋಲಿಸಿ, ಒಂದೇ ಇದ್ದರೆ ಮಾತ್ರ ಮುಂದೆ ಹೋಗಿ. ಎರಡನೆಯ ಸಲಕ್ಕೆ ಇನ್ನೂ ಒಂದೂವರೆ ಗಂಟೆ ಬೇಕಿತ್ತು. ಗೆಳತಿ ಬನಶಂಕರಿಯಲ್ಲಿ ಕಾಯುತ್ತಿದ್ದಳು, ಮೂರನೆಯ ಸಲ ಫೋನು ಮಾಡಿ "ಏನೇ, ನೀನು ಬರ್ತೀಯೋ ಇಲ್ಲ ನಾನೊಬ್ಳೇ ತಿನ್ನಲೋ?" ಎಂದಳು. ಫೈಲಿನ ಗಾತ್ರ ಸರಿಯಾಗಿ ಕಾಣುತ್ತಿತ್ತು. ಕೇಬಲ್ ಕಿತ್ತು ಹೊರಟೆ.

ಮಾರನೆಯ ದಿನ ಫೋನು ಮರಳಿಸಿ, ಮುಂದಿನ ಕೆಲಸಕ್ಕೆ ಒಪ್ಪಿಗೆ ಕೇಳಲು ಯಡಿಯೂರಿಗೆ ಹೋದೆ. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಸರಿ, ಪದ್ಧತಿ ಪ್ರಕಾರಾನೇ ಆಗ್ಲಿ. ನೀನು ಪರ, ನಾನು ವಿರೋಧ. ಲೇ, ಆ ಗಂಟೆ ತಗೊಂಬಾ."

ಅಡುಗೆಮನೆಯಿಂದ ಅವರ ಹೆಂಡತಿ, ನಾನು ಆಂಟಿ ಎನ್ನುವವರು, ಕೂಗಿದರು: "ಕುಕ್ಕರ್ ಇಟ್ಟಿದೀನಿ. ಮೂರು ಕೂಗಿಗೆ ಮುಗಿಸ್ಕೊಳ್ಳಿ ಇಬ್ರೂ. ಆಮೇಲೆ ಬೇಳೆ ಹತ್ಕೊಂಡ್ರೆ ನಾನು ಜವಾಬ್ದಾರಳಲ್ಲ."

ನಾನು ಮೂರು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಫೋನು ಸತ್ತಿಲ್ಲ, ಸತ್ತಿದೆ ಎಂದು ಬೇರೆಯವರು ಘೋಷಿಸಿದ್ದಾರೆ ಎಂದೆ. ಒಂದು ನೋಟೀಸಿಗೆ ತಲೆಬಾಗಿದರೆ ಮುಂದಿನದಕ್ಕೂ ಬಾಗಬೇಕಾಗುತ್ತದೆ ಎಂದೆ. ತೀರ್ಪುಗಾರರೇ ಪ್ರಶ್ನೆ ಕೇಳದೆ ಸೋಲೊಪ್ಪಿದರೆ ನಮಗೇನು ಕಲಿಸಿದ ಹಾಗಾಯಿತು ಎಂದೂ ಸೇರಿಸಿದೆ. ಇದು ಸೊಂಟದ ಕೆಳಗಿನ ಏಟು, ಗೊತ್ತಿದ್ದೇ ಹೊಡೆದೆ.

ಅವರು ಶಾಂತವಾಗಿ ಶುರು ಮಾಡಿದರು. "ಆ್ಯಪ್ ಹೋದ್ರೂ ಫೋನ್ ಇರುತ್ತೆ. ಕಾಲ್ ಮಾಡ್ತೀನಿ, ಟೈಮ್ ಹೇಳುತ್ತೆ, ರೇಡಿಯೋ ಬರುತ್ತೆ. ಇದಿಷ್ಟನ್ನ ಪಣಕ್ಕಿಡು ಅಂತೀಯ. ಈ ಕೆಲಸ ನೀನು ಹಿಂದೆ ಮಾಡಿದೀಯಾ?"

"ನನ್ನ ಎರಡು ಹಳೇ ಫೋನಿಗೆ ಹಾಕಿದೀನಿ ಸಾರ್."

"ಅವೂ ಪಟ್ಟೀಲಿ ಇಲ್ದೇ ಇರೋವಾ?"

"ಪಟ್ಟೀಲಿದ್ವು. ಆದ್ರೆ ಒಂದ್ರ ಒಳಗಿನ ಚಿಪ್ ಇದೇ ಮನೆತನದ್ದು."

"ಹ್ಞೂಂ. ಕೆಟ್ಟೋದ್ರೆ ಹಳೇದಕ್ಕೆ ವಾಪಸ್ ಬರಕ್ಕಾಗತ್ತಾ?"

"ಪೂರ್ತಿ ನಕಲು ತಗೊಂಡಿದೀನಿ ಸಾರ್."

ಈಗ ಬರಬೇಕಾಗಿದ್ದದ್ದು ಯಾವ ಪ್ರಶ್ನೆ ಎಂದು ನಿಮಗೆ ಗೊತ್ತು. ನನಗೂ ಗೊತ್ತಿತ್ತು. ನಕಲು ಸರಿಯಿದೆ ಅಂತ ಹೇಗೆ ಗೊತ್ತು? ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉಸಿರು ಬಿಗಿಹಿಡಿದು ಕೂತೆ. ಕುಕ್ಕರ್ ಮೂರನೆಯ ಸಲ ಕೂಗಿತು. ಮೇಷ್ಟ್ರು ಕೈಯಲ್ಲಿದ್ದ ಫೋನಿನ ಐದರ ಚುಕ್ಕೆಯನ್ನು ಹೆಬ್ಬೆರಳಿನಿಂದ ಎರಡು ಸಲ ಸವರಿ, "ಸರಿ, ತಗೊಂಡ್ಹೋಗು" ಎಂದರು.

ನನ್ನ ಖುಷಿಗೆ ಅಂದು ಪಾರವೇ ಇರಲಿಲ್ಲ. ಮೆಟ್ರೋದಲ್ಲಿ ನಿಂತು ಮನಸ್ಸಿನಲ್ಲೇ ಆ ವಾದವನ್ನು ಇನ್ನೊಮ್ಮೆ ಮಾಡಿ ಇನ್ನೊಮ್ಮೆ ಗೆದ್ದೆ.

ಕೆಲಸ ಮೊದಮೊದಲು ಸಲೀಸಾಗಿ ನಡೆಯಿತು. ಕಂಪನಿ ಒಳಗೆ ಹಾಕಿದ್ದ ಬೀಗ ತೆಗೆದೆ, ಹಳೆಯದನ್ನು ಅಳಿಸಿದೆ, ಹೊಸದನ್ನು ಬರೆದೆ. ಫೋನು ಸುಮಾರು ಮೂವತ್ತು ಸಲ ಅರ್ಧ ಎದ್ದು ಮತ್ತೆ ಬಿತ್ತು. ಪ್ರತಿ ಸಲವೂ ಅದು ಎಲ್ಲಿ ಎಡವಿತು ಎಂದು ಉದ್ದುದ್ದ ಪಟ್ಟಿ ಕೊಡುತ್ತದೆ. ಅದಕ್ಕೆ ಲಾಗ್ ಎನ್ನುತ್ತೇವೆ. ಲಾಗ್ ಓದಿ ಒಂದೊಂದೇ ಸಾಲು ತಿದ್ದುತ್ತ ಬಂದೆ. ಕೊನೆಗೆ ಒಂದು ಬೆಳಿಗ್ಗೆ, ಆಫೀಸಿಗೆ ಹೊರಡುವ ಮುಂಚೆ, ಅದು ಎದ್ದು ನಿಂತಿತು. ಚಿತ್ರ ತಲೆಕೆಳಗಾಗಿತ್ತು, ನೆಟ್ಟಗೆ ಮಾಡಿದೆ. ಐದು ಒತ್ತಿದರೆ ಎಂಟು ಬರುತ್ತಿತ್ತು, ಅದನ್ನೂ ಸರಿಪಡಿಸಿದೆ. ಹೊಸ ಆ್ಯಪ್ ಕೂತಿತು. ಪರದೆಯ ಚಿತ್ರ ತೆಗೆದು ಫೋರಂಗೆ ಹಾಕಿದೆ. ಎಲ್ಲೆಲ್ಲಿಂದಲೋ ಶುಭಾಶಯಗಳು ಬಂದವು. ಅನಾಥ ಫೋನಿಗೆ ಮರುಜನ್ಮ ಎಂದು ಒಬ್ಬರು ಬರೆದರು.

ದನಿ ಮಾತ್ರ ಇರಲಿಲ್ಲ.

ಇದೊಂದು ಸಣ್ಣ ಬಾಕಿ ಎಂದುಕೊಂಡೆ. ಸ್ಪೀಕರಿಗೆ ದನಿ ಕೊಡುವ ಚಿಪ್ ಆ ಸತ್ತ ಕಂಪನಿ ತಾನೇ ಆರಿಸಿ ಹಾಕಿದ್ದು. ಅದು ಎಚ್ಚರಗೊಳ್ಳಲು ಒಂದು ಪುಟ್ಟ ಫೈಲು ಬೇಕು. ಆ ಫೈಲು ಹಳೆಯ ವ್ಯವಸ್ಥೆಯಲ್ಲಿತ್ತು, ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಲ್ಲ. ಸರಿ, ನಕಲಿನಿಂದ ತೆಗೆದರಾಯಿತು. ನಕಲನ್ನು ತೆರೆದೆ. ಅರ್ಧದವರೆಗೆ ಎಲ್ಲ ಸರಿಯಾಗಿತ್ತು. ಅರ್ಧದ ನಂತರ ಸೊನ್ನೆಗಳು. ಕೆಳಗೆ ಇಳಿಸಿದೆ, ಸೊನ್ನೆಗಳು. ಇನ್ನೂ ಕೆಳಗೆ ಇಳಿಸಿದೆ. ನಡುವೆ ಎಲ್ಲೋ ಕೇಬಲ್ ಅಲುಗಿ ಓದುವುದು ನಿಂತಿದ್ದಿರಬೇಕು. ಉಳಿದ ಜಾಗವನ್ನು ಅದು ಪ್ರಾಮಾಣಿಕವಾಗಿ ಸೊನ್ನೆಗಳಿಂದ ತುಂಬಿಕೊಟ್ಟಿತ್ತು. ಅದಕ್ಕೇ ಗಾತ್ರ ಸರಿಯಾಗಿ ಕಂಡಿದ್ದು. ಮುಂದಕ್ಕೆ ಹೋಗಲು ದಾರಿಯಿಲ್ಲ, ಹಿಂದಕ್ಕೆ ಹೋಗಲು ಮನೆಯೇ ಇಲ್ಲ. ಇಯರ್‌ಫೋನಿಗೂ ಅದೇ ಚಿಪ್. ಬ್ಲೂಟೂತ್ ಎದ್ದೇ ಇರಲಿಲ್ಲ, ಎಬ್ಬಿಸಲು ಇವತ್ತಿಗೂ ನನ್ನಿಂದ ಆಗಿಲ್ಲ.

ಕಣ್ಣಿಲ್ಲದವರ ಫೋನಿಗೆ ನಾನು ಸೊಗಸಾದ ಪರದೆ ಕೊಟ್ಟಿದ್ದೆ.

ಆ ಭಾನುವಾರ ಬಾಗಿಲು ತೆಗೆದ ಆಂಟಿ ನನ್ನ ಮುಖ ನೋಡಿದವರೇ ಒಳಗೆ ತಿರುಗಿ ಹೇಳಿದರು: "ರೀ, ನಿಮ್ಮ ಶಿಷ್ಯೆ ಬಂದ್ಲು. ಮುಖ ನೋಡಿದ್ರೆ ಆಪರೇಷನ್ ಸಕ್ಸಸ್, ಪೇಷಂಟ್ ಢಮಾರ್."

ಆಂಟಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಾನು ಚಿಪ್, ಫೈಲು ಎಂದೆಲ್ಲ ವಿವರಿಸಿದ್ದನ್ನು ಪೂರ್ತಿ ಕೇಳಿಸಿಕೊಂಡರು. "ನಮ್ ಕಾಲ್ದಲ್ಲಿ ಲೈನ್ ಕೆಟ್ರೆ ಲೈನ್‌ಮ್ಯಾನ್ ಕಂಬ ಹತ್ತೋನು. ಇದಕ್ಕೆ ಕಂಬ ಎಲ್ಲಿದೆ ಹೇಳು, ನಾನೇ ಹತ್ತುತೀನಿ" ಎಂದರು. ನಾನು ನಗಲಿಲ್ಲ. ಅವರೂ ನಗಲಿಲ್ಲ.

ಮೇಷ್ಟ್ರು ಕೇಳಿದ್ದು ಇಷ್ಟೇ: "ಎಷ್ಟು ದಿನ ಬೇಕು?"

"ಎರಡು ವಾರ ಸಾರ್." ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಹೇಗೆ ಗೊತ್ತು ಎಂದು ಅವರು ಈ ಸಲವೂ ಕೇಳಲಿಲ್ಲ.

ಅವರ ಸಿಮ್ಮು ಆಂಟಿಯ ಟಚ್ ಫೋನು ಸೇರಿತು. ಭಾನುವಾರದ ವಾದಗಳನ್ನು ಈಗ ಆಂಟಿ ಒಂದೊಂದಾಗಿ ಹಾಕಿ ಕೇಳಿಸಬೇಕಿತ್ತು. ಒಂದು ಸಂಜೆ ನಾನೂ ಇದ್ದೆ. ಒಬ್ಬ ಹುಡುಗ ಮಾತು ಶುರು ಮಾಡಿ ನಲವತ್ತು ಸೆಕೆಂಡಾಗಿರಲಿಲ್ಲ, ಆಂಟಿ ನಿಲ್ಲಿಸಿದರು. "ಇವ್ನು ಸುಳ್ಳು ಹೇಳ್ತಿದಾನೆ. ದನೀಲೇ ಗೊತ್ತಾಗತ್ತೆ. ಮೂವತ್ತು ವರ್ಷ ಜನರ ದನಿ ಕೇಳಿದೀನಿ ನಾನು."

"ಗಂಟೆ ಆಗೋ ತನಕ ತಡೀಬಾರ್ದು" ಎಂದರು ಮೇಷ್ಟ್ರು.

"ಗಂಟೆ ಎಲ್ಲಿದೆ? ಸಾರಿಗೆ ಒಗ್ಗರಣೆ ಯಾರ್ ಹಾಕ್ತಾರೆ?"

"ಇನ್ನೊಂದ್ಸಲ ಹಾಕು. ಮೊದ್ಲಿಂದ."

"ಕೇಳಿದ್ದನ್ನೇ ಎಷ್ಟು ಸಲ ಕೇಳ್ತೀರಿ? ನಾನು ಹೇಳಿದ್ದನ್ನ ಒಂದ್ಸಲ ಕೇಳಿದ್ದುಂಟಾ?"

ಅದು ನ್ಯಾಯವೇ. ಹದಿನಾಲ್ಕು ಜನರ ಮೂರು ನಿಮಿಷಗಳನ್ನು ನಾಲ್ಕು ನಾಲ್ಕು ಸಲ ಕೇಳಿಸಲು ಯಾರಿಂದಲೂ ಆಗುವುದಿಲ್ಲ, ಕೇಳಿಸು ಎಂದು ಬಾಯಿಬಿಟ್ಟು ಕೇಳುವುದು ಅದಕ್ಕಿಂತ ಕಷ್ಟ. ಮೊದಲು ಅವರು ತಮ್ಮ ಅನುಮಾನಗಳನ್ನು ತಮ್ಮ ಹೆಬ್ಬೆರಳಿಗೆ ಮಾತ್ರ ಹೇಳಿದರೆ ಸಾಕಿತ್ತು. ಈಗ ಪ್ರತಿ ಅನುಮಾನಕ್ಕೂ ಅರ್ಜಿ ಹಾಕಬೇಕಿತ್ತು. ಎರಡನೆಯ ಸಲಕ್ಕೆ ಕೇಳುವುದನ್ನು ಕ್ರಮೇಣ ಬಿಟ್ಟರು. ತೀರ್ಪುಗಳು ಗಿಡ್ಡವಾದವು. "ಎಲ್ಲಾರೂ ಚೆನ್ನಾಗಿ ಮಾತಾಡಿದೀರಿ" ಎಂದು ಒಂದು ಭಾನುವಾರ ಬಂತು. ಅವರ ಬಾಯಿಂದ ಆ ಮಾತನ್ನು ಕೇಳಿ ನನಗೆ ಹೆದರಿಕೆಯಾಯಿತು. ಚೆನ್ನಾಗಿ ಎಂದರೆ ಏನು, ಹೋಲಿಸಿದರೆ ಯಾವುದಕ್ಕೆ ಎಂದು ನಮ್ಮನ್ನು ಬೆಂಚು ಒರೆಸಲು ಕಳಿಸುತ್ತಿದ್ದ ಮನುಷ್ಯ ಅವರು.

ಅದೇ ಮಾದರಿಯ ಇನ್ನೊಂದು ಫೋನು ಸಿಕ್ಕರೆ ಆ ಫೈಲು ಸಿಗುತ್ತದೆ. ಜಯನಗರ ನಾಲ್ಕನೇ ಬ್ಲಾಕಿನ ರಿಪೇರಿ ಅಂಗಡಿಗಳನ್ನೆಲ್ಲ ಸುತ್ತಿದೆ. "ಈ ಕಂಪನಿ ಇದ್ದಿದ್ದು ನಿಜಾನಾ ಅಕ್ಕ?" ಎಂದು ಒಬ್ಬ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ. ಸಿದ್ದಾಪುರದ ಒಂದು ಅಂಗಡಿಯಲ್ಲಿ ಸಿಕ್ಕೇಬಿಟ್ಟಿತು. ಅಲ್ಲೇ ಹಿಂಬದಿ ಬಿಚ್ಚಿಸಿದೆ. ಒಳಗೆ ಮದರ್‌ಬೋರ್ಡೇ ಇರಲಿಲ್ಲ. ಅಂಗಡಿಯವರು ಸಮಾಧಾನದ ದನಿಯಲ್ಲಿ ಹೇಳಿದರು: "ಬಾಡಿ ಚೆನ್ನಾಗಿದೆ ಮೇಡಂ. ಗುಂಡಿಗಳು ಬೇಕಾದ್ರೆ ತಗೊಂಡ್ಹೋಗಿ."

ಫೋರಂನಲ್ಲಿ ಒಬ್ಬರು ಬರೆದರು: ನನ್ನ ಬಳಿ ಇದೇ ಫೋನು ಇದೆ, ಡ್ರಾಯರಿನಲ್ಲಿ, ಚೆನ್ನಾಗಿಯೇ ಇದೆ, ಈ ವಾರಾಂತ್ಯ ಫೈಲು ತೆಗೆದು ಕಳಿಸುತ್ತೇನೆ. ಅವರು ಯಾವ ದೇಶದವರೋ ಗಂಡಸೋ ಹೆಂಗಸೋ ತಿಳಿಯದು. ಆ ವಾರಾಂತ್ಯ ಕಳೆಯಿತು. ವಿನಯದಿಂದ ನೆನಪಿಸಿದೆ. ಇನ್ನೊಂದು ವಾರ ಬಿಟ್ಟು ಮತ್ತೆ ನೆನಪಿಸಿದೆ. ಮೂರನೆಯ ಸಲ ಮೇಷ್ಟ್ರ ಕಥೆಯನ್ನೆಲ್ಲ ಬರೆದು ಅಂಗಲಾಚಿದೆ. ವಾದ ಮಾಡಲು ಎದುರಿಗೆ ಒಬ್ಬರಾದರೂ ಬೇಕಲ್ಲ. ಜಗತ್ತಿನ ಯಾವುದೋ ಮನೆಯ ಡ್ರಾಯರು ಮುಚ್ಚಿಕೊಂಡಿದೆ, ಅದರ ಒಡೆಯರಿಗೆ ನನ್ನ ತರ್ಕ ತಲುಪುವುದಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ನಾನು ಮೊದಲು ನೋಡುವುದು ಆ ಪುಟವನ್ನೇ.

ನಡುವೆ ಬೇರೆ ಬೇರೆ ಫೋನುಗಳ ಫೈಲು ತಂದು ಹಾಕಿ ನೋಡಿದೆ. ಒಮ್ಮೆ ಸ್ಪೀಕರು 'ಚಟ್' ಎಂದಿತು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು. ಆಮೇಲೆ ಅದೂ ಅನ್ನಲಿಲ್ಲ.

ಅಷ್ಟರಲ್ಲಿ ಗ್ರೂಪಿನಲ್ಲಿ ನಮ್ಮೆಲ್ಲರಿಗಿಂತ ಸೀನಿಯರ್ ಒಬ್ಬರು ಒಂದು ಸಲಹೆ ಮುಂದಿಟ್ಟರು. ಅತ್ಯಂತ ಗೌರವದ ಮಾತು: ಸಾರ್‌ಗೆ ತೊಂದರೆ ಆಗುತ್ತಿದೆ, ಸ್ವಲ್ಪ ದಿನ ವಿಶ್ರಾಂತಿ ಕೊಡೋಣ, ವಾರಕ್ಕೊಬ್ಬರಂತೆ ನಾವೇ ತೀರ್ಪು ಕೊಡೋಣ. ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ನಾನು ಹಾರಿಬಿದ್ದೆ. ಇದು ತೊಂದರೆಯಲ್ಲ, ತಾತ್ಕಾಲಿಕ ಅಡಚಣೆ ಎಂದೆ. ಫೋನು ಸರಿಹೋಗುತ್ತದೆ ಎಂದೆ.

ಸೀನಿಯರ್ ಸಿಟ್ಟಾಗಲಿಲ್ಲ. "ಯಾವಾಗ?" ಎಂದು ಕೇಳಿದರು. ನಾನು ಬರೆದದ್ದನ್ನು ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಗ್ರೂಪಿನವರಿಗೆಲ್ಲ ನಾನು ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು. ಕೊನೆಗೆ ಏನನ್ನೂ ಕಳಿಸಲಿಲ್ಲ. ಮುಂದಿನ ಭಾನುವಾರದಿಂದ ಹೊಸ ತೀರ್ಪುಗಾರರು ಎಂದು ತೀರ್ಮಾನವಾಯಿತು.

ಅದನ್ನು ಹೇಳಲು ಯಡಿಯೂರಿಗೆ ನಾನೇ ಹೋದೆ. ಮೇಷ್ಟ್ರು ಬಾಲ್ಕನಿಯಲ್ಲಿದ್ದರು. ಸುದ್ದಿ ಆಂಟಿಯ ಫೋನಿನಿಂದ ಆಗಲೇ ತಲುಪಿತ್ತು.

"ಒಳ್ಳೇದೇ ಆಯ್ತು ಬಿಡು" ಎಂದರು. "ಒಂದೇ ಸಲ ಕೇಳಿ ತೀರ್ಪು ಕೊಡೋನು ಜಡ್ಜ್ ಅಲ್ಲ, ಜ್ಯೋತಿಷಿ."

ನನಗೆ ತಡೆಯಲಾಗಲಿಲ್ಲ. "ಸಾರ್, ನಕಲು ತಗೊಂಡಿದೀನಿ ಅಂದೆ. ಅದನ್ನ ಪರೀಕ್ಷೆ ಮಾಡಿರ್ಲಿಲ್ಲ. ಮಾಡಿಲ್ಲ ಅಂತ ಅವತ್ತೇ ಗೊತ್ತಿತ್ತು ನನಗೆ. ನೀವು ಕೇಳ್ತೀರಿ ಅಂತ ಕಾದೆ. ನೀವು ಕೇಳ್ಲಿಲ್ಲ. ಕೇಳದಿದ್ದಿದ್ದು ಒಳ್ಳೇದಾಯ್ತು ಅನ್ಕೊಂಡೆ."

ಕೆಳಗೆ ರಸ್ತೆಯಲ್ಲಿ ಸೊಪ್ಪಿನ ಗಾಡಿಯವರು ಕೂಗುತ್ತ ಹೋದರು. ಮೇಷ್ಟ್ರು ಆ ದನಿಯತ್ತ ಕಿವಿ ತಿರುಗಿಸಿದರು.

"ನೀನು ಉಸಿರು ಹಿಡ್ಕೊಂಡಿದ್ದೆ" ಎಂದರು. "ಕಣ್ಣು ಹೋದ್ಮೇಲೆ ಇದೆಲ್ಲ ಜಾಸ್ತಿ ಕೇಳ್ಸುತ್ತೆ. ನಕಲಲ್ಲಿ ಏನೋ ಇದೆ ಅಂತ ಗೊತ್ತಾಯ್ತು."

"ಮತ್ಯಾಕೆ ಸಾರ್ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಸೋಲ್ತಿದ್ದೆ. ಫೋನ್ ತಗೊಂಡು ಹೋಗ್ತಿರ್ಲಿಲ್ಲ. ನನಗೆ ನೀನು ಗೆಲ್ಲೋದು ಬೇಕಿತ್ತಲ್ಲ. ಭಾನುವಾರ ಬೇಕಿತ್ತು."

ನಾನು ಏನಾದರೂ ಹೇಳಬೇಕಿತ್ತು. ಹೈಸ್ಕೂಲಿನಿಂದ ಇಲ್ಲಿಯ ತನಕ ಮಾತಾಡುವುದನ್ನೇ ಕಲಿತಿದ್ದೇನೆ, ಒಂದು ಬಹುಮಾನದ ಕಪಾಟೇ ಇದೆ ನಮ್ಮ ಜೆಪಿ ನಗರದ ಮನೆಯಲ್ಲಿ. ಅವರು ಬೈದಿದ್ದರೆ ಉತ್ತರ ಕೊಡಬಹುದಿತ್ತು. ಕ್ಷಮಿಸಿದ್ದೇನೆ ಎಂದಿದ್ದರೆ ಬೇಡ ಎನ್ನಬಹುದಿತ್ತು. ಎರಡನ್ನೂ ಮಾಡದೆ ಅವರು ಕೈ ಚಾಚಿದರು.

"ಫೋನ್ ತಂದಿದೀಯಾ?"

"ಇದೆ ಸಾರ್. ದನಿ ಇನ್ನೂ..."

"ಇರ್ಲಿ, ಕೊಡು. ಬೆರಳಿಗೆ ಗುಂಡಿಗಳ ಜಾಗ ಮರೆತುಹೋಗ್ತಿದೆ."

ಆ ದಿನದಿಂದ ಫೋನು ಅವರ ಬಳಿಯೇ ಇದೆ. ನಾನು ಶನಿವಾರ ಒಂದು ಹೊಸ ಪ್ರಯತ್ನ ಸಿದ್ಧ ಮಾಡಿಕೊಂಡು, ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೊತ್ತು ಹೋಗಿ ಅದಕ್ಕೆ ಹಾಕಿ ನೋಡುತ್ತೇನೆ. ಆಂಟಿ ಬಾಗಿಲಲ್ಲೇ "ಇವತ್ತಾದ್ರೂ ಬಾಯಿ ಬಿಡತ್ತಾ?" ಎನ್ನುತ್ತಾರೆ, ಉತ್ತರಕ್ಕೆ ಕಾಯದೆ ಕಾಫಿಗೆ ಹೋಗುತ್ತಾರೆ.

ಕಳೆದ ಭಾನುವಾರ ಮೇಷ್ಟ್ರ ಖಾತೆಯನ್ನು ಆ ಫೋನಿಗೇ ಮರಳಿ ತಂದುಕೊಟ್ಟೆ, ಅವರೇ ಹಟ ಹಿಡಿದು ಕೇಳಿದರು. ಗ್ರೂಪಿನಲ್ಲಿ ಆ ವಾರದ ವಾದಗಳು ಬರತೊಡಗಿದ್ದವು. ತೀರ್ಪು ಬೇರೆಯವರದು. ಮೇಷ್ಟ್ರು ಹೆಬ್ಬೆರಳಿನಿಂದ ಕೆಳಗಿನ ಗುಂಡಿಯನ್ನು ಎರಡು ಸಲ ಒತ್ತಿದರು, ನಡುವಿನದನ್ನು ಒಮ್ಮೆ. ಪರದೆ ಒಂದು ಹೆಜ್ಜೆಯೂ ತಪ್ಪದೆ ಅವರು ಹೇಳಿದ ಕಡೆ ಹೋಯಿತು. ಪಟ್ಟಿ ತೆರೆಯಿತು, ಗ್ರೂಪ್ ತೆರೆಯಿತು, ಮೊದಲ ವಾದದ ಮೇಲೆ ನಿಂತಿತು. ಐದರ ಚುಕ್ಕೆ ಹುಡುಕಿ ಒತ್ತಿ, ಫೋನನ್ನು ಕಿವಿಗೆ ಇಟ್ಟುಕೊಂಡರು.

ನಾನು ಪಕ್ಕದಲ್ಲಿ ಕೂತು ಪರದೆಯ ಅಂಚನ್ನು ನೋಡುತ್ತಿದ್ದೆ. ದನಿಯ ಗೆರೆ ಏಳುತ್ತಿತ್ತು, ಬೀಳುತ್ತಿತ್ತು, ಯಾರೋ ಉತ್ಸಾಹದಿಂದ ಏನನ್ನೋ ಸಾಧಿಸುತ್ತಿದ್ದರು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

"ಓಡ್ತಿದೆಯಾ?" ಎಂದು ಕೇಳಿದರು.

"ಓಡ್ತಿದೆ ಸಾರ್."

ಅವರು ತಲೆಯಾಡಿಸಿದರು. ಕಿವಿಯಿಂದ ಫೋನನ್ನು ತೆಗೆಯಲಿಲ್ಲ. ತುಸು ಹೊತ್ತು ಬಿಟ್ಟು, "ಮುಗೀತಾ?" ಎಂದರು.

"ಇನ್ನೂ ನಲವತ್ತು ಸೆಕೆಂಡ್ ಇದೆ."

"ಸರಿ, ಗಂಟೆ ಆಗ್ಲಿ" ಎಂದು ಅವರು ಹಾಗೆಯೇ ಕೂತರು. ನಾನೂ ಕೂತೆ.